ಕೋಟೆಯ ಹೆಣ್ಣು ಯಾಕೆ ಅತ್ತಳು

ಫೆಬ್ರವರಿ ೫, ೧೯೬೧. ಶಿರಾ

ಪಾವಗಡದಲ್ಲಿ ನಮ್ಮ ಯಜಮಾನರಿಗೆ ಇನ್ನೊಂದು ಮನೆ ಇದೆಯಂತೆ. ಹೇಳಿದವರು ಪಕ್ಕದ ಮನೆಯ ರಹಮತ್ ಬಿ. ಅವರ ಅಳಿಯ ಅತ್ತರು ಮಾರಲು ಅಲ್ಲಿಗೆ ಹೋಗಿದ್ದಾಗ ಕಣ್ಣಾರೆ ಕಂಡನಂತೆ. ಬಸ್ ಸ್ಟ್ಯಾಂಡಿನ ಪಕ್ಕ ಮುದ್ದೆ ಊಟ ಹಾಕುವ ಒಬ್ಬಳ ಮನೆಯ ಜಗಲಿಯ ಮೇಲೆ ಇವರು ಬನಿಯನ್ ಹಾಕಿಕೊಂಡು ಕಾಲು ಚಾಚಿ ಕೂತಿದ್ದರಂತೆ. ಮದುವೆಯೂ ಆಗಿದೆಯಂತೆ, ಬೆಟ್ಟದ ಮೇಲಿನ ಯಾವುದೋ ಗುಡಿಯಲ್ಲಿ.

ಇವರು ಶಿರಾದಿಂದ ಮಧುಗಿರಿ ಮೇಲೆ ಪಾವಗಡಕ್ಕೆ ಹೋಗುವ ಬಸ್ಸಿನ ಕಂಡಕ್ಟರು. ಒಂದು ರಾತ್ರಿ ಇಲ್ಲಿ, ಒಂದು ರಾತ್ರಿ ಅಲ್ಲಿ ಹಾಲ್ಟು. ಬಸ್ಸಿನ ಸೀಟಿನ ಮೇಲೆ ಮಲಗುತ್ತಾರೆ, ಚಳಿ ಆಗುತ್ತದೆ ಅಂತ ನಾನು ಕಂಬಳಿ ಬೇರೆ ಕಟ್ಟಿ ಕೊಡುತ್ತಿದ್ದೆ. ಆ ಕಂಬಳಿ ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ.

ಮಕ್ಕಳಿಲ್ಲ ಅಂತ ಮಾಡಿಕೊಂಡರು ಅನ್ನೋಣ ಅಂದರೆ ಅಲ್ಲೂ ಆಗಿಲ್ಲವಂತೆ. ದೋಷ ಯಾರಲ್ಲಿದೆ ಅಂತ ನಮ್ಮ ಅತ್ತೆಗೆ ಇನ್ನಾದರೂ ಗೊತ್ತಾಗಲಿ.

ಗಂಡಸರು, ಕಾಲು ಜಾರುತ್ತಾರೆ. ಜಾರಿಸಿದವಳನ್ನು ಮಾತ್ರ ಬಿಡಬಾರದು. ಆ ಮಾಟಗಾತಿಯನ್ನು ಪಾವಗಡದ ಹೆಂಗಸರೇ ಸೇರಿ ಊರು ಬಿಡಿಸಬೇಕು. ಅಲ್ಲಿಯವರೆಗೆ ಇವರ ಮುಂದೆ ನಾನು ತುಟಿ ಬಿಚ್ಚುವುದಿಲ್ಲ. ಇವತ್ತು ಬಂದವರಿಗೆ ಎಂದಿನ ಹಾಗೆ ಬಿಸಿನೀರು ಕಾಯಿಸಿ ಕೊಟ್ಟೆ.

ಫೆಬ್ರವರಿ ೧೧

ಸಂತೆ ಮಾಳದಲ್ಲಿ ಟೆಂಟ್ ಸಿನಿಮಾ ಬಂದಿದೆ. "ಬಿಜ್ಲೀ ಕಾ ಸಂದೂಕ್" ಅಂತ ಹಿಂದಿ ಪಿಚ್ಚರು. ಇವರೇ ಕರೆದುಕೊಂಡು ಹೋದರು. ಹೆಂಗಸರ ಕಡೆ ರಹಮತ್ ಬಿ ಪಕ್ಕದಲ್ಲಿ ಮರಳಿನ ಮೇಲೆ ಕೂತೆ.

ಕಥೆ ಇಷ್ಟು. ಬೊಂಬಾಯಿಯ ಒಬ್ಬ ವಿಜ್ಞಾನಿ ಎರಡು ಕಬ್ಬಿಣದ ಪೆಟ್ಟಿಗೆ ಮಾಡಿದ್ದಾನೆ, ಬೀರುವಿನ ಹಾಗೆ ಆಳುದ್ದ. ಒಂದರೊಳಗೆ ನಿಂತು ಹಿಡಿ ಎಳೆದರೆ ಮಿಂಚು ಹೊಡೆದು ಆಳು ಮಾಯ. ಆ ಕ್ಷಣವೇ ಎಷ್ಟೋ ದೂರದ ಕೋಟೆಯಲ್ಲಿರುವ ಇನ್ನೊಂದು ಪೆಟ್ಟಿಗೆಯಿಂದ ಹೊರಗೆ ಬರುತ್ತಾನೆ. ಬೊಂಬಾಯಿಯಲ್ಲಿ ವಿಜ್ಞಾನಿಯ ಮಗಳು ಹೀರೋಗೆ ನಿಶ್ಚಯವಾದ ಹುಡುಗಿ. ಕೋಟೆಯಲ್ಲಿ ಡಕಾಯಿತರ ಕೈಗೆ ಸಿಕ್ಕ ಇನ್ನೊಬ್ಬಳು. ಡಕಾಯಿತರನ್ನು ಹಿಡಿಯಬೇಕು ಅಂತ ಹೀರೋ ಅವಳ ಹತ್ತಿರ ಪ್ರೀತಿಯ ನಾಟಕ ಆಡುತ್ತಾನೆ. ಇಲ್ಲಿ ಒಬ್ಬನಿಗೆ ಗುದ್ದಲು ಕೈ ಎತ್ತಿದವನು ಅಲ್ಲಿ ಇನ್ನೊಬ್ಬನಿಗೆ ಗುದ್ದುತ್ತಾನೆ. ಕೊನೆಗೆ ಒಂದು ಸಲ ಕೋಟೆಯ ಪೆಟ್ಟಿಗೆ ತೆರೆದರೆ ಖಾಲಿ, ಕೋಟೆಯ ಹೆಣ್ಣು ಅದನ್ನು ತಬ್ಬಿಕೊಂಡು ಅಳುತ್ತಾಳೆ. ಆಮೇಲಿನ ರೀಲಿನಲ್ಲಿ ಅವನು ಬೊಂಬಾಯಿಯಲ್ಲಿ ಹೊರಗೆ ಬಂದು ಆ ಮಗಳ ಕೊರಳಿಗೆ ಹಾರ ಹಾಕುತ್ತಾನೆ.

ಬರುವಾಗ ಇವರು ಬಲು ಖುಷಿಯಲ್ಲಿದ್ದರು. ಅಂಥದೊಂದು ಪೆಟ್ಟಿಗೆ ನಮಗೂ ಇದ್ದಿದ್ದರೆ ಈ ಗುಂಡಿ ಬಿದ್ದ ರಸ್ತೆಯ ಕಷ್ಟ ಇರುತ್ತಿರಲಿಲ್ಲ ಅಂದರು. ಹೌದು, ಇರುತ್ತಿರಲಿಲ್ಲ ಅಂದೆ.

ಫೆಬ್ರವರಿ ೧೨

ಇವರು ಪಾವಗಡಕ್ಕೆ. ನಾನು ಮತ್ತೆ ಪಿಚ್ಚರಿಗೆ.

ಗಂಡಸರ ಕಡೆ ಹೊಡೆದಾಟ ಇದ್ದರೆ ಸಾಕು, ಮಾತು ಬೇಕಿಲ್ಲ. ಹೆಂಗಸರ ಕಡೆ ಹಳ್ಳಿಯಿಂದ ಗಾಡಿ ಕಟ್ಟಿಕೊಂಡು ಬಂದವರು ಏನಂದ, ಯಾಕಂದ ಅಂತ ಒಬ್ಬರನ್ನೊಬ್ಬರು ತಿವಿಯುತ್ತಿದ್ದರು. ನಾನು ಹುಟ್ಟಿದ್ದು ಈ ಬೀದಿಯಲ್ಲಿ, ಉರ್ದು ಕೇಳಿಕೊಂಡೇ ಬೆಳೆದವಳು. ಹಿಂದಿ ಪರೀಕ್ಷೆಯೂ ಪಾಸಾಗಿದೆ. ಪಕ್ಕದವಳಿಗೆ ಒಂದು ಮಾತು ಹೇಳಿದೆ. ಅವಳ ಹಿಂದಿನವಳು ಗಟ್ಟಿಯಾಗಿ ಹೇಳಮ್ಮಾ ಅಂದಳು. ಮಧ್ಯದಲ್ಲಿ ಎದ್ದು ನಿಂತೇ ಹೇಳತೊಡಗಿದೆ.

ಕೋಟೆಯ ಹೆಣ್ಣು ತೆರೆಯ ಮೇಲೆ ಬಂದಾಗ ನನ್ನ ಬಾಯಿಂದ ಬಂದದ್ದೇ ಬೇರೆ. ಹೀರೋಗೆ ಊರಿನಲ್ಲಿ ಲಕ್ಷಣವಾದ ಹೆಂಡತಿ ಇದ್ದಾಳೆ, ಇವಳು ಊಟದಲ್ಲಿ ಮದ್ದು ಹಾಕಿ ಅವನನ್ನು ಒಲಿಸಿಕೊಂಡಿದ್ದಾಳೆ ಅಂದೆ. ಅವಳು ನಗುತ್ತಾ ಏನೋ ಹಾಡಿದರೆ ಆ ಹೆಂಡತಿ ಸಾಯಲಿ ಅಂತ ಹಾಡುತ್ತಿದ್ದಾಳೆ ಅಂದೆ. ಹೆಂಗಸರು ಮರಳು ತೆಗೆದು ತೆರೆಯ ಕಡೆ ತೂರಿದರು. ಕೊನೆಯಲ್ಲಿ ಅವಳು ಅತ್ತಾಗ ಅದು ಕಳ್ಳ ಅಳು ಅಂದೆ, ಎಲ್ಲರೂ ಹೌದೌದು ಅಂದರು.

ಈ ವಾರದಲ್ಲಿ ಮೊದಲನೆಯ ಸಲ ಹೊಟ್ಟೆ ತುಂಬಾ ಉಂಡೆ.

ಫೆಬ್ರವರಿ ೧೬

ಬಾವಿಯ ಹತ್ತಿರ ದೊಡ್ಡ ಜಗಳವಂತೆ. ಮುಸಲ್ಮಾನರ ಬೀದಿಯ ಹೆಂಗಸರು ಕೋಟೆಯ ಹುಡುಗಿ ಬಂಗಾರದಂಥವಳು, ಡಕಾಯಿತರಿಂದ ಅವನ ಪ್ರಾಣ ಉಳಿಸಿದಳು ಅನ್ನುತ್ತಾರೆ. ನಮ್ಮವರು ಅವಳೊಬ್ಬ ಮಾಟಗಾತಿ, ನಾವೇನು ಕುರುಡರಾ ಅನ್ನುತ್ತಾರೆ. ಒಂದೇ ಟೆಂಟಿನಲ್ಲಿ ಒಂದೇ ಪಿಚ್ಚರು ನೋಡಿದವರು ಕೊಡ ಕೆಳಗಿಟ್ಟು ಕೈ ಕೈ ಮಿಲಾಯಿಸುವ ತನಕ ಹೋಯಿತಂತೆ. ಯಾರ ಮಾತು ನಿಜ ಅಂತ ನೋಡಲು ಎರಡು ಕಡೆಯವರೂ ಮತ್ತೆ ಟಿಕೆಟ್ಟು ತೆಗೆದುಕೊಂಡು ಬರುತ್ತಿದ್ದಾರೆ.

ರಹಮತ್ ಬಿ ಸಂಜೆ ಹಿತ್ತಲ ಗೋಡೆಯ ಹತ್ತಿರ ಕರೆದರು.

"ಮಂಗಳಾ ಬೇಟಿ, ಸುಳ್ಳು ಹೇಳ್ಕೋ ಹೋಗು, ನಾನೇನ್ ಬಾಯಿ ಬಿಡಾಕಿಲ್ಲ. ಆದ್ರೆ ಆ ಹುಡುಗಿ ಕೊನೇಗೆ ಅಷ್ಟೊಂದು ಅಳ್ತಾಳಲ್ಲ. ಕಳ್ಳ ಅಳು ಅಂದ್ರೆ ಯಾರ್ ನಂಬ್ತಾರೆ?"

ಎಲ್ಲರೂ ನಂಬಿದರು ಅಂದೆ. ನೀನು ನಂಬಿದೆಯಾ ಅಂತ ಕೇಳಿದರು. ಒಲೆಯ ಮೇಲೆ ಸಾರಿದೆ ಅಂತ ಒಳಗೆ ಬಂದುಬಿಟ್ಟೆ.

ಫೆಬ್ರವರಿ ೨೪

ಟೆಂಟಿನ ಯಜಮಾನರು ವೆಂಕಟರಾಮಯ್ಯ ಅಂತ, ವಯಸ್ಸಾದವರು. ಹೆಂಗಸರ ಬಾಗಿಲಲ್ಲಿ ಟಿಕೆಟ್ಟು ಹರಿಯುವ ಚಿಕ್ಕಹನುಮಕ್ಕನನ್ನು ಜೊತೆಗೆ ಕರೆದುಕೊಂಡು ಮನೆಗೇ ಬಂದಿದ್ದರು. ಹೆಂಗಸರ ಕಡೆ ಇಷ್ಟು ಜನ ಅವರ ಟೆಂಟಿಗೆ ಎಂದೂ ಬಂದಿಲ್ಲವಂತೆ. ಮಧುಗಿರಿ, ಕೊರಟಗೆರೆ, ಆಮೇಲೆ ಪಾವಗಡ, ಇದೇ ಪಿಚ್ಚರು, ನೀವೂ ಬನ್ನಿ ತಾಯಿ, ಚಿಕ್ಕಹನುಮಕ್ಕನ ಜೊತೆ ಇರಬಹುದು ಅಂದರು.

ಪಾವಗಡ ಅನ್ನುವ ಮಾತು ಕಿವಿಗೆ ಬಿದ್ದಮೇಲೆ ಉಳಿದದ್ದೇನೂ ಕೇಳಿಸಲಿಲ್ಲ. ಒಪ್ಪಿಕೊಂಡೆ.

ಇವರಿಗೆ ಮಧುಗಿರಿಯಲ್ಲಿ ಅಕ್ಕನ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬರುತ್ತೇನೆ ಅಂದೆ. ನಾಲ್ಕು ದಿನ ಯಾಕೆ, ಎರಡು ತಿಂಗಳು ಇದ್ದು ಬಾ ಅಂದರು. ಬಟ್ಟೆ ಗಂಟನ್ನು ಅವರೇ ಬಿಗಿದು ಕಟ್ಟಿಕೊಟ್ಟರು, ಮದುವೆಯಾದಾಗಿನಿಂದ ಮಾಡದ ಕೆಲಸ. ಅವರು ಆಚೆ ಹೋದಮೇಲೆ ಗಂಟು ಬಿಚ್ಚಿ ನಮ್ಮ ಮದುವೆಯ ಫೋಟೋ ತಳಕ್ಕೆ ಇಟ್ಟೆ. ಪಾವಗಡದ ಹೆಂಗಸರಿಗೆ ಸಾಕ್ಷಿ ಬೇಕಲ್ಲ.

ಮಾರ್ಚ್ ೪. ಮಧುಗಿರಿ

ಬೆಟ್ಟದ ಬುಡದಲ್ಲಿ ಟೆಂಟು. ಬಂಡೆಯ ಕಾವಿಗೆ ಸಂಜೆಯಾದರೂ ಸೆಕೆ ಇಳಿಯುವುದಿಲ್ಲ.

ಇಲ್ಲಿ ಹಿಂದಿ ತಿಳಿದವರು ಕಡಿಮೆ. ಕಥೆಯನ್ನು ನನಗೆ ಬೇಕಾದ ಕಡೆ ತಿರುಗಿಸುತ್ತಿದ್ದೇನೆ. ಹೀರೋ ಬಸ್ಸಿನ ಕಂಡಕ್ಟರು ಅಂತ ಮಾಡಿದೆ. ಪೆಟ್ಟಿಗೆ ಅವನಿಗೆ ಡ್ಯೂಟಿಗೆ ಕೊಟ್ಟದ್ದು ಅಂದೆ. ಒಬ್ಬಳು, ಪೆಟ್ಟಿಗೇಲಿ ಒಬ್ಬನೇ ಹೋಗೋದಾದ್ರೆ ಟಿಕೆಟ್ ಯಾರಿಗೆ ಕೊಡ್ತಾನೆ ಅಂದಳು. ಅದಕ್ಕೇ ಅವನು ಮೋಸಗಾರ ಅಂದೆ. ನಕ್ಕರು, ಒಪ್ಪಿಕೊಂಡರು.

ಇನ್ನೊಬ್ಬಳ ಅಭಿಪ್ರಾಯ ಏನಪ್ಪಾ ಅಂದರೆ ಪಿಚ್ಚರಿನಲ್ಲಿ ಎಲ್ಲ ಸರಿ, ಆದರೆ ಅಷ್ಟು ದೂರ ಹೋದವನಿಗೆ ಹಸಿವೇ ಆಗುವುದಿಲ್ಲ, ಅದೊಂದು ಸುಳ್ಳು. ಅವನು ಅಲ್ಲಿಗೆ ಹೋಗುವುದೇ ಊಟಕ್ಕೆ ಅಂತ ಹೇಳಬೇಕು ಅನ್ನಿಸಿತು. ಪಾವಗಡಕ್ಕೆ ಅದನ್ನು ಉಳಿಸಿಕೊಂಡಿದ್ದೇನೆ.

ಮಾರ್ಚ್ ೯

ಕಳ್ಳ ಅಳು ಅನ್ನುವುದನ್ನು ಬಿಟ್ಟೆ. ದಿನಾ ಅಷ್ಟು ಹತ್ತಿರದಿಂದ ಆ ಮುಖ ನೋಡಿ ಹಾಗೆ ಹೇಳಲು ನಾಲಿಗೆ ಹೊರಳುತ್ತಿಲ್ಲ. ಮಿಂಚಿನ ಪೆಟ್ಟಿಗೆಯ ಹೊಗೆ ಕಣ್ಣಿಗೆ ಹೋಗಿ ಅಳುತ್ತಿದ್ದಾಳೆ ಅಂದೆ. ಮುಂದೆ ಕೂತಿದ್ದ ಒಬ್ಬ ಮುದುಕಿ ತಿರುಗಿ ನನ್ನನ್ನೇ ನೋಡಿದಳು.

"ಹೊಗೆಗೆ ಅಳೋದು ಇಂಗಲ್ಲ ಕಣಮ್ಮ. ಹುಟ್ಟಿದಾಗಿಂದ ಒಲೆ ಊದಿವ್ನಿ, ನಂಗೊತ್ತಿಲ್ವಾ? ಅವ್ಳಿಗೆ ಗೊತ್ತಿತ್ತಾ, ಇವನಿಗೆ ಮನೇಲಿ ಹೆಂಡ್ರು ಅವ್ಳೆ ಅಂತ?"

ಗೊತ್ತಿತ್ತು ಅಂದೆ. ಮುದುಕಿ, ಗೊತ್ತಿದ್ದೋಳು ಅಷ್ಟು ಅಳಾಕಿಲ್ಲ ಬುಡು ಅಂತ ಮುಂದಕ್ಕೆ ತಿರುಗಿಕೊಂಡಳು. ಹಾಳಾದವಳು. ನನ್ನ ಸಂಸಾರ ಮುರಿದವಳ ಪರವಾಗಿ ಮಾತಾಡಲು ಇವಳಿಗೇನು ಲಂಚ ಸಿಕ್ಕಿದೆಯೋ.

ಮಾರ್ಚ್ ೨೮. ಕೊರಟಗೆರೆ

ಸಿದ್ದರಬೆಟ್ಟಕ್ಕೆ ಹೋಗಿ ಇಳಿದು ಬಂದವರು ಪಿಚ್ಚರಿಗೆ ಬರುತ್ತಾರೆ. ಅವರಿಗೆ ಈ ಪೆಟ್ಟಿಗೆ ಏನೂ ಆಶ್ಚರ್ಯವಲ್ಲ. ಸಿದ್ಧರು ಪೆಟ್ಟಿಗೆ ಇಲ್ಲದೇ ಮಾಯವಾಗುತ್ತಿದ್ದರಂತೆ.

ಕೋಟೆಯವಳ ಅಮ್ಮ ಸತ್ತ ಸುದ್ದಿ ಬಂತು, ಅದಕ್ಕೆ ಅಳುತ್ತಿದ್ದಾಳೆ ಅಂದೆ. ಯಾರೂ ಏನೂ ಕೇಳಲಿಲ್ಲ. ನನಗೇ ಸರಿ ಅನ್ನಿಸಲಿಲ್ಲ.

ಮಾರ್ಚ್ ೩೦

ಗಂಟಲು ಕಟ್ಟಿದೆ. ಚಿಕ್ಕಹನುಮಕ್ಕ ಮೆಣಸಿನ ಕಷಾಯ ಕೊಟ್ಟಳು. ಮಂಗಳಮ್ಮ ಇಲ್ಲದ ದಿನ ಹೆಂಗಸರು ದುಡ್ಡು ವಾಪಸ್ಸು ಕೇಳುತ್ತಾರೆ ಅಂತ ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಾಳೆ. ನಮ್ಮ ಯಜಮಾನರ ಬಸ್ಸು ಈ ದಾರಿಯಲ್ಲಿ ಬರುವುದಿಲ್ಲ. ಎಷ್ಟೋ ದಿನವಾಯಿತು ಅವರ ಮುಖ ನೋಡಿ. ಇವತ್ತು ಬರೆಯಲು ಕೂತಾಗಲೇ ನೆನಪಾದದ್ದು.

ಏಪ್ರಿಲ್ ೧೩. ಪಾವಗಡ

ಬಂದೆ. ಬಸ್ ಸ್ಟ್ಯಾಂಡಿನಿಂದ ಟೆಂಟಿಗೆ ಕೂಗಳತೆ ದೂರ. ಇಲ್ಲಿಯವರ ಮಾತಿನಲ್ಲಿ ಅರ್ಧ ತೆಲುಗು. ನಾಳೆ ಮಾಮೂಲಿ ಕಥೆ ಹೇಳಿ ಜನರನ್ನು ಹಿಡಿಯುತ್ತೇನೆ. ನಾಳಿದ್ದು ಕಂಡಕ್ಟರಿನ ಹೆಸರು, ಕೋಟೆಯವಳ ಹೆಸರು ಎರಡನ್ನೂ ಬಾಯಿಬಿಟ್ಟು ಹೇಳುತ್ತೇನೆ. ಫೋಟೋ ಎತ್ತಿ ಹಿಡಿಯುತ್ತೇನೆ. ಮರಳು ತೂರುವುದಾದರೆ ತೆರೆಗಲ್ಲ, ಅವಳ ಮುಖಕ್ಕೇ ತೂರಲಿ.

ಏಪ್ರಿಲ್ ೧೫

ನಿನ್ನೆಯದನ್ನು ಈಗ ಬೆಳಿಗ್ಗೆ ಬರೆಯುತ್ತಿದ್ದೇನೆ. ನಿನ್ನೆ ಬರೆಯಲು ಆಗಲಿಲ್ಲ.

ಇಲ್ಲಿ ಊಟ ಎಲ್ಲಿ ಸಿಗುತ್ತದೆ ಅಂತ ನಾನು ಕೇಳಿದ್ದಕ್ಕೆ ಪಿಚ್ಚರು ಶುರುವಾಗುವ ಮುಂಚೆ ಚಿಕ್ಕಹನುಮಕ್ಕ ಒಬ್ಬಳನ್ನು ತೋರಿಸಿ, ಅವಳೇ ಮುದ್ದೆ ಮನೆ ಸಣ್ಣಕ್ಕ, ರಾಯಚರ್ಲು ಕಡೆಯವಳು, ಕಂಡಕ್ಟರು ಬಸವಲಿಂಗಯ್ಯನ ಮನೆಯವಳು ಅಂದಳು. ನನ್ನ ವಿಷಯ ಚಿಕ್ಕಹನುಮಕ್ಕನಿಗೆ ಗೊತ್ತಿಲ್ಲ. ನಾನು ಒಬ್ಬ ಸುಂದರಿಯನ್ನು ಕಣ್ಣ ಮುಂದೆ ಇಟ್ಟುಕೊಂಡಿದ್ದೆ. ಇವಳು ನನಗಿಂತ ಕಪ್ಪು, ಬಡಕಲು, ಒಲೆಯ ಮುಂದೆ ಬೆಂದ ಕೈ.

ಕಥೆ ಮುಗಿದಮೇಲೆ ಅವಳೇ ನನ್ನ ಹತ್ತಿರ ಬಂದಳು. ಪಿಚ್ಚರು ಹೇಗಿತ್ತು ಅಂತ ನಾನು ಎಲ್ಲರನ್ನೂ ಕೇಳುವ ಹಾಗೆ ಕೇಳಿದೆ.

"ಬಲೇ ಚೆನ್ನಾಗೈತಕ್ಕಾ. ಪೆಟ್ಟಿಗೇಲಿ ಹೋದೋನು ತಿರುಗಿ ಬತ್ತಾನೆ, ಅದೇ ಅದೃಷ್ಟ. ನಮ್ಮ ಯಜಮಾನ್ರ ಮೊದಲ್ನೇ ಹೆಂಡ್ತಿ ಹೋದೋಳು ಬರ್ಲೇ ಇಲ್ಲ, ಪಾಪ."

ಹಾಗೆ ಹೇಳುವಾಗ ಅವಳ ಕೈ ಕೊರಳಿಗೆ ಹೋಯಿತು. ತಾಳಿಯ ಪಕ್ಕ ಕಪ್ಪು ದಾರದಲ್ಲಿ ಒಂದು ಬೆಳ್ಳಿ ಬಿಲ್ಲೆ, ಅದರ ಮೇಲೆ ಹೆಣ್ಣಿನ ಆಕಾರ. ಮೊದಲ ಹೆಂಡತಿ ಸತ್ತವನನ್ನು ಕಟ್ಟಿಕೊಂಡವಳು ಹಾಕಿಕೊಳ್ಳುವ ಬಿಲ್ಲೆ, ಸತ್ತ ಸವತಿ ಕಾಡದಿರಲಿ ಅಂತ. ನಮ್ಮೂರಿನಲ್ಲೂ ನೋಡಿದ್ದೇನೆ.

ಆ ಬಿಲ್ಲೆಯ ಮೇಲೆ ಇರುವವಳು ನಾನು.

ನಾಳೆ ಊಟಕ್ಕೆ ಬಾ ಅಕ್ಕಾ, ಕಥೆ ಹೇಳಿ ಗಂಟಲು ಒಣಗಿರುತ್ತೆ ಅಂದು ಹೋದಳು.

ಏಪ್ರಿಲ್ ೧೫, ಮಧ್ಯಾಹ್ನ

ಹೋಗಿದ್ದೆ. ಅವನು ಇವತ್ತು ಶಿರಾದಲ್ಲಿ ಹಾಲ್ಟು.

ಗೂಡಿನಲ್ಲಿ ದೀಪ, ಹಸಿರು ಬಳೆ, ಒಂದು ರವಿಕೆ ಕಣ. ಅಮಾವಾಸ್ಯೆ ಅಮಾವಾಸ್ಯೆಗೆ ನನಗೆ ಎಡೆ ಇಡುತ್ತಾಳಂತೆ. ನನಗೆ ಸಜ್ಜಪ್ಪ ಇಷ್ಟ ಅಂತ ಅವನು ಹೇಳಿದ್ದಾನೆ, ಅದನ್ನು ಮಾಡಿ ಇಡುತ್ತಾಳೆ. ನನಗೆ ಸಜ್ಜಪ್ಪ ಇಷ್ಟ ಅಂತ ಅವನಿಗೆ ಗೊತ್ತಿದೆ! ಮನೆಗೆ ಒಂದು ದಿನವೂ ತಂದುಕೊಟ್ಟವನಲ್ಲ. ನಾನು ಸತ್ತದ್ದು ವಾಂತಿ ಬೇದಿಯಲ್ಲಂತೆ. ಸಾಯಿಸುವುದು ಸಾಯಿಸಿದ, ಸ್ವಲ್ಪ ಮರ್ಯಾದೆಯ ಸಾವು ಕೊಡಬಾರದಿತ್ತೇ.

ಅಲ್ಲೇ ಗೋಡೆಯ ಮೇಲೆ ನನ್ನ ಕಂಬಳಿ ಒಣಗುತ್ತಿತ್ತು. ಶಿವಪೂಜೆ ಮಾಡದೆ ನನ್ನ ಕೈಯ ಕಾಫಿ ಕುಡಿಯದವನು ಇಲ್ಲಿ ವಾರಕ್ಕೆರಡು ಸಲ ಕೋಳಿ ಸಾರು ಉಣ್ಣುತ್ತಾನಂತೆ.

ಮುರಿದ ಮುದ್ದೆಯನ್ನು ತಟ್ಟೆಗೆ ಬಿಟ್ಟೆ. "ಆ ಬಿಲ್ಲೆ ತೆಗಿಯಮ್ಮ. ನಾನು ಸತ್ತಿಲ್ಲ" ಅಂದೆ.

ಅವಳು ಮೊದಲು ನನ್ನ ಪಾದ ನೋಡಿದಳು, ಹಿಂದುಮುಂದಾಗಿದೆಯೋ ಅಂತ. ಫೋಟೋ ತೆಗೆದು ಮುಂದಿಟ್ಟೆ. ಅದನ್ನು ನೋಡಿ, ನನ್ನನ್ನು ನೋಡಿ, ಗೂಡಿನ ಕಡೆ ನೋಡಿದಳು. ಆಮೇಲೆ ಅತ್ತಳು. ಅಷ್ಟು ದಿನದಿಂದ ತೆರೆಯ ಮೇಲೆ ನೋಡುತ್ತಿದ್ದ ಅಳು ಅದೇ. ಹೊಗೆಯಲ್ಲ, ತಾಯಿ ಸತ್ತದ್ದಲ್ಲ. ಮಧುಗಿರಿಯ ಮುದುಕಿಯ ಕಣ್ಣು ಎಷ್ಟು ಚುರುಕು.

ನಾನೂ ಅಳುತ್ತೇನೆ ಅಂದುಕೊಂಡಿದ್ದೆ. ಬರಲಿಲ್ಲ. ಅವನನ್ನು ಸುಟ್ಟುಬಿಡಬೇಕು ಅನ್ನಿಸಿತು, ಅಷ್ಟೇ.

ಸಣ್ಣಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು. "ಸತ್ತೋರ್ಗೆ ಇಕ್ಕೋ ಎಡೇನ ಬದುಕಿರೋಳಿಗೆ ಇಕ್ಬುಟ್ಟೆ ಅಕ್ಕಾ. ಅದು ಒಳ್ಳೇದಲ್ಲ. ಇಕ್ಕಿದ ಎಡೆಗೆ ಯಾರಾದ್ರೂ ಒಬ್ರು ಸಾಯ್ಲೇಬೇಕಲ್ಲ."

ನಾನು ಅವಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಉಳಿದದ್ದನ್ನು ಹೇಳಬೇಕಾಗಲಿಲ್ಲ. ಎದ್ದು ಇನ್ನೊಂದು ಮುದ್ದೆ ಹಾಕಿದಳು, ಉಂಡೆ.

ಏಪ್ರಿಲ್ ೧೬

ನಿನ್ನೆ ಟೆಂಟಿನಲ್ಲಿ ಹೆಸರು ಹೇಳಲಿಲ್ಲ. ಮಾಟ, ಮದ್ದು ಎಲ್ಲ ಬಿಟ್ಟೆ. ಕೋಟೆಯ ಹೆಣ್ಣು ಪೆಟ್ಟಿಗೆ ತಬ್ಬಿಕೊಂಡಾಗ ಇಷ್ಟೇ ಹೇಳಿದೆ. ಮೊದಲನೆಯವಳು ಸತ್ತಳು ಅಂತ ಅವನು ಇವಳಿಗೆ ಹೇಳಿದ್ದ. ಸತ್ತಿಲ್ಲ ಅಂತ ಇವಳಿಗೆ ಈಗ ಗೊತ್ತಾಯಿತು. ಹೆಂಗಸರ ಕಡೆ ಒಬ್ಬರೂ ಮರಳು ತೂರಲಿಲ್ಲ. ಯಾವುದೋ ಹೆಂಗಸು, ಅವನ್ನ ಸುಮ್ನೆ ಬುಡ್ತಾರಾ ಅಂದಳು. ನಾಳೆ ಸಂಜೆ ಬಸ್ಸು ಬರುವ ಹೊತ್ತಿಗೆ ಸಣ್ಣಕ್ಕನ ಮನೆಗೆ ಬನ್ನಿ, ಉಳಿದ ಕಥೆ ಅಲ್ಲಿ ಇದೆ ಅಂದೆ.

ಬೆಳಿಗ್ಗೆಯೇ ಅಲ್ಲಿಗೆ ಹೋದೆ. ಫೋಟೋದಲ್ಲಿ ನಾವಿಬ್ಬರೂ ಒಟ್ಟಿಗೆ ಕೂತಿದ್ದೇವೆ. ಸಣ್ಣಕ್ಕ ಕತ್ತರಿ ತಂದಳು. ನನ್ನ ಅರ್ಧ ನಾನು ಇಟ್ಟುಕೊಂಡೆ.

ಏಪ್ರಿಲ್ ೧೭

ಆಯಿತು. ನಿನ್ನೆ ಸಂಜೆ ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನಡುಮನೆಯಲ್ಲಿ ಮಣೆ ಹಾಕಿ ಅವನ ಅರ್ಧ ಫೋಟೋ ಇಟ್ಟೆವು. ನಾನು ಹೂವಿನ ಹಾರ ಹಾಕಿದೆ, ಸಣ್ಣಕ್ಕ ದೀಪ ಹಚ್ಚಿದಳು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಇಡಬೇಕು. ಮುದ್ದೆ, ಕೋಳಿ ಸಾರು, ಬೀಡಿ ಕಟ್ಟು ಇಟ್ಟೆವು. ಟೆಂಟಿನ ಹೆಂಗಸರು ಒಬ್ಬೊಬ್ಬರೇ ಬಂದು ಗೋಡೆಗೆ ಒರಗಿ ಕೂತರು. ಫೋಟೋ ನೋಡಿದ ಮೇಲೆ ಯಾರಿಗೂ ಏನೂ ವಿವರಿಸಬೇಕಾಗಲಿಲ್ಲ.

ಬಸ್ಸು ಬಂದ ಸದ್ದಾಯಿತು. ಖಾಕಿ ಕೋಟು ಹೆಗಲ ಮೇಲೆ ಹಾಕಿಕೊಂಡು, ಹಸಿವಾಗ್ತೈತೆ ಕಣೇ ಅನ್ನುತ್ತಾ ಬಾಗಿಲಿಗೆ ಬಂದ. ಬೀಡಿ ಕಟ್ಟು ನೋಡಿದ, ಹಾರ ನೋಡಿದ, ತನ್ನ ಮುಖವನ್ನೇ ನೋಡಿದ. ಅದರ ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಅವಳು. ಮಂಗಳಾ ಅಂದ. ಆಮೇಲೆ ಸಣ್ಣಕ್ಕಾ ಅಂದ. ಇಬ್ಬರೂ ತಲೆ ಎತ್ತಲಿಲ್ಲ.

ಒಬ್ಬ ಹೆಂಗಸು, ಯಾರೋ ಊಟಕ್ಕೆ ಬಂದವ್ರೆ ನೋಡು ಅಂದಳು.

ಸಣ್ಣಕ್ಕ ಎದ್ದು ಬಾಗಿಲಿಗೆ ಹೋದಳು. "ಇವತ್ತು ಊಟ ಇಲ್ಲಪ್ಪ. ಮನೆ ಯಜಮಾನ್ರು ತೀರ್ಕೊಂಡವ್ರೆ, ಎಡೆ ಇಕ್ಕಿವಿ" ಅಂದಳು. ಗಿರಾಕಿಗೆ ಹೇಳುವ ಹಾಗೆ, ಸಮಾಧಾನವಾಗಿ.

ಅವನು ನನ್ನ ಕಡೆ ತಿರುಗಿ, ಇದೇನೇ ಹುಚ್ಚು, ನಡಿ ಶಿರಾಕ್ಕೆ ಅಂದ. ಶಿರಾದಲ್ಲಿ ಯಾರಿದ್ದಾರೆ, ಅಲ್ಲಿದ್ದವಳು ವಾಂತಿ ಬೇದಿಯಲ್ಲಿ ಸತ್ತಳಲ್ಲ ಅಂದೆ. ಬಸ್ಸಿನಿಂದ ಇಳಿದವರು, ಡ್ರೈವರು, ಹೋಟೆಲಿನವರು ಎಲ್ಲ ಬೀದಿಯಲ್ಲಿ ನಿಂತು ನೋಡುತ್ತಿದ್ದರು. ಅವನ ಮುಖ ಬೂದಿಯಾಯಿತು. ಹತ್ತು ವರ್ಷ ಬಿಸಿನೀರು ಕಾಯಿಸಿದ್ದಕ್ಕೆ ಅದೊಂದು ನೋಟ ಸಿಕ್ಕಿತು. ನನಗೆ ಸಂತೋಷವಾಯಿತು. ಇನ್ನೂ ಆಗುತ್ತಿದೆ.

ಅವನು ಹೋದಮೇಲೆ ಕೋಳಿ ಸಾರನ್ನು ಬಂದವರಿಗೆಲ್ಲ ಹಂಚಿದೆವು. ನಾನು ಸಾರು ಬಿಟ್ಟು ಮುದ್ದೆ ಮಜ್ಜಿಗೆ ಉಂಡೆ.

ಏಪ್ರಿಲ್ ೧೯

ಸಣ್ಣಕ್ಕ ಬಿಲ್ಲೆ ಬಿಚ್ಚಿ, ನಿಂದು ನೀನೇ ಇಟ್ಕೋ ಅಕ್ಕಾ ಅಂತ ನನ್ನ ಕೈಗೆ ಹಾಕಿದಳು. ಕಂಬಳಿಯನ್ನೂ ಒಗೆದು ಮಡಿಸಿ ಕೊಟ್ಟಳು. ಬಸ್ಸಿನವರಿಂದ ಸುದ್ದಿ ಕೇಳಿದ ರಹಮತ್ ಬಿ ಶಿರಾದ ಮನೆಗೆ ಬೀಗ ಹಾಕಿಸಿ ಕೀಲಿಯನ್ನು ತಮ್ಮ ಹತ್ತಿರವೇ ಇಟ್ಟುಕೊಂಡಿದ್ದಾರಂತೆ, ಅಳಿಯನ ಕೈಲಿ ಹೇಳಿಕಳಿಸಿದ್ದಾರೆ. ನಾನು ಬರುವ ತನಕ ಯಾರಿಗೂ ಕೊಡುವುದಿಲ್ಲವಂತೆ. ಒಂದು ರಾತ್ರಿ ಇಲ್ಲಿಯ ಸ್ಟ್ಯಾಂಡಿನಲ್ಲಿ, ಒಂದು ರಾತ್ರಿ ಅಲ್ಲಿಯ ಸ್ಟ್ಯಾಂಡಿನಲ್ಲಿ, ಅವನು ಬಸ್ಸಿನ ಸೀಟಿನ ಮೇಲೆ ಮಲಗುತ್ತಿದ್ದಾನೆ. ಅಷ್ಟು ವರ್ಷ ಹೇಳಿದ ಸುಳ್ಳನ್ನು ಈಗ ನಿಜ ಮಾಡುತ್ತಿದ್ದಾನೆ.

ವೆಂಕಟರಾಮಯ್ಯನವರು ಮುಂದಿನ ಊರಿಗೆ ಬೇರೆ ಪಿಚ್ಚರು ತರಿಸುತ್ತಾರಂತೆ. ಈ ಸಲ ಯಾವ ಭಾಷೆಯದಾದರೂ ತರಲಿ, ಕಥೆ ನಾನು ಹೇಳುತ್ತೇನೆ ಅಂದಿದ್ದೇನೆ.

ಇವತ್ತು ಇಲ್ಲಿ ಕೊನೆಯ ಆಟ. ಮಿಷನ್ ಓಡಿಸುವ ಇನಾಯತುಲ್ಲಾನಿಗೆ ಕೊನೆಯ ರೀಲು ಹಾಕಬೇಡಪ್ಪ ಅಂದೆ. ಅದು ಹೇಗೂ ಹರಿದು ಹರಿದು ಬೀಳುತ್ತಿತ್ತು, ಅವನು ಒಪ್ಪಿಕೊಂಡ. ಖಾಲಿ ಪೆಟ್ಟಿಗೆ, ಅಳುವ ಹೆಣ್ಣು, ಅಷ್ಟಕ್ಕೆ ದೀಪ ಹತ್ತಿತು. ಗಂಡಸರ ಕಡೆ ಶಿಳ್ಳೆ, ಕೂಗಾಟ. ಹೆಂಗಸರು ಕೂತೇ ಇದ್ದರು. ಒಬ್ಬಳು ನನ್ನ ಕಡೆ ತಿರುಗಿ, ಪೆಟ್ಟಿಗೆಯೊಳಗೆ ಹೋದವನು ಎಲ್ಲಿಗೆ ಹೋದ ಅಂತ ಕೇಳಿದಳು.

ಇಲ್ಲಿಯವಳೂ ಬಾಗಿಲು ಹಾಕಿಕೊಂಡಳು, ಅಲ್ಲಿಯವಳೂ ಹಾಕಿಕೊಂಡಳು, ಅವನು ನಡುವೆ ಇದ್ದಾನೆ ಅಂದೆ. ಸರಿಯಾಯ್ತು ಬುಡು ಅಂತ ಸೆರಗಿನ ಮರಳು ಕೊಡವಿಕೊಂಡು ಎದ್ದಳು.